ಎರಡು ಹೋಳಿನ ನಡುವಿನ ಎಳೆ

ಮೇಜಿನ ಮೇಲೆ ಮೂರು ಬಗೆಯ ಪೇಸ್ಟುಗಳು ಸಾಲಾಗಿ ಕೂತು ತನ್ನ ದಾರಿಯನ್ನೇ ಕಾಯುತ್ತಿವೆ ಎಂದು ಖಲೀಲನಿಗೆ ಅನ್ನಿಸಿತು. ಶುಕ್ರವಾರದ ನಮಾಜು ಮುಗಿಸಿ ತನ್ನ ರಿಪೇರಿ ಶೆಡ್ಡಿಗೆ ಬಂದವನು ಟೋಪಿ ತೆಗೆಯುವುದನ್ನೂ ಮರೆತು ಅವುಗಳ ಮುಂದೆ ನಿಂತಿದ್ದ. ಒಂದು ಕೆಂಪು ಟ್ಯೂಬು: ಗಾಳಿ ಆಡುವಷ್ಟು ಹೊತ್ತು ಹಸಿಯಾಗಿಯೇ ಇದ್ದು, ಎರಡು ಲೋಹಗಳ ನಡುವೆ ಉಸಿರು ಕಟ್ಟಿದ ಮೇಲಷ್ಟೇ ಕಲ್ಲಾಗುವಂಥದ್ದು. ಇನ್ನೊಂದು ಬೂದುಬಣ್ಣದ ಸಿಲಿಕಾನು: ಅದರದು ಉಲ್ಟಾ ಸ್ವಭಾವ, ಗಾಳಿ ಕುಡಿದು ರಬ್ಬರಾಗುತ್ತದೆ, ಎಷ್ಟು ಹಚ್ಚಿದರೂ ಇನ್ನಷ್ಟು ಹಚ್ಚು ಅನ್ನುತ್ತದೆ. ಮೂರನೆಯದು ಉಸ್ತಾದ ಲಾಡಸಾಬರ ಕಾಲದ ಕರಿ ಅರಗಿನ ಡಬ್ಬಿ. ಮುಚ್ಚಳ ತೆಗೆದರೆ ಸತ್ತುಹೋದ ಉಸ್ತಾದರ ಬೀಡಿಯ ವಾಸನೆ ಈಗಲೂ ಬಂದಂತಾಗುತ್ತಿತ್ತು. ಅದರಾಚೆ ಹಳೆಯ ಸೀರೆಯ ತುಂಡಿನ ಮೇಲೆ ಎಂಜಿನ್ನಿನ ಕೇಸು ಒಡೆದ ಬೇಳೆಯ ಹಾಗೆ ಎರಡು ಹೋಳಾಗಿ ಬಿದ್ದಿತ್ತು. ಈ ಹೋಳುಗಳ ನಡುವೆ ಕಾಗದದ ಗ್ಯಾಸ್ಕೆಟ್ಟಿಲ್ಲ, ರಬ್ಬರಿಲ್ಲ. ಲೋಹಕ್ಕೆ ಲೋಹವೇ ಕೂಡಬೇಕು, ಎಣ್ಣೆ ಸೋರದಂತೆ ಪೇಸ್ಟಿನ ಒಂದು ತೆಳು ಪೊರೆ, ಅಷ್ಟೇ. ಶಾಫ್ಟು ಮಲಗುವ ದುಂಡನೆಯ ಗೂಡುಗಳು ಅರ್ಧ ಈ ಹೋಳಿನಲ್ಲಿವೆ, ಅರ್ಧ ಆ ಹೋಳಿನಲ್ಲಿ. ಇವತ್ತು ಇಳಿಹೊತ್ತಿಗೆ ಕಾರಿನ ಮಾಲೀಕ ತಿಮ್ಮಣ್ಣ ಗೆಳೆಯರನ್ನು ಕರೆದುಕೊಂಡು ಬರುತ್ತಾರೆ, ಅವರ ಕಣ್ಣೆದುರಿಗೇ ಕೇಸು ಮುಚ್ಚಬೇಕು. ಯಾವ ಪೇಸ್ಟು, ಯಾವ ಪೇಸ್ಟು ಎಂದು ಚಹಾ ಅಂಗಡಿಯವನೂ ಕೇಳುತ್ತಿದ್ದ. ಖಲೀಲ ಮೀನಮೇಷ ಎಣಿಸುತ್ತಿದ್ದಾನೆ, ದೊಡ್ಡ ಕೆಲಸಗಾರರೆಲ್ಲ ಹೀಗೆಯೇ ಎಂದು ಹುನಗುಂದ ರಸ್ತೆಯ ಅಂಗಡಿಗಳಲ್ಲೆಲ್ಲ ಮಾತಾಗಿತ್ತು.

ತಿಮ್ಮಣ್ಣ ಇಳಕಲ್ಲಿನಲ್ಲಿ ಕಲ್ಲಿನ ಕ್ವಾರಿ ಮತ್ತು ಪಾಲಿಶ್ ಕಾರ್ಖಾನೆ ಇಟ್ಟವರು. ಕಾರು ಬೆಳಗಾವಿಯ ಡಾಕ್ಟರೊಬ್ಬರ ತಗಡಿನ ಶೆಡ್ಡಿನಲ್ಲಿ ವರ್ಷಾನುಗಟ್ಟಲೆ ಕೋಳಿಗಳಿಗೆ ಕಾವು ಕೂರಲು ಜಾಗ ಕೊಟ್ಟಿದ್ದ ಜರ್ಮನಿಯ ಹಳೆಯ ಸ್ಪೋರ್ಟ್ಸ್ ಕಾರು. ಎಂಜಿನ್ನು ಹಿಂದೆ, ಡಿಕ್ಕಿ ಮುಂದೆ. ಅದನ್ನು ಲಾರಿಯಿಂದ ಇಳಿಸಿದ ದಿನವೇ ತಿಮ್ಮಣ್ಣ ಎಲ್ಲರ ಮುಂದೆ ಖಲೀಲನ ಹೆಗಲ ಮೇಲೆ ಕೈಹಾಕಿ, "ಪುಣೆದವ್ರು ಆಗೂದಿಲ್ಲಂದ್ರು. ನಮ್ಮ ಖಲೀಲ ಜೀವಾ ತುಂಬತಾನ ನೋಡ್ರಿ" ಅಂದಿದ್ದರು. ಖಲೀಲ ಈ ವಯಸ್ಸಿನವರೆಗೆ ಬಿಚ್ಚಿ ಜೋಡಿಸಿದ್ದು ಕ್ವಾರಿಯ ಕಂಪ್ರೆಸರುಗಳನ್ನು. ಕಂಪ್ರೆಸರಿನ ಮುಚ್ಚಳ ಸೊಟ್ಟಾದರೆ ಇಳಕಲ್ಲಿನವರು ಮಾಡುವುದು ಒಂದೇ. ಪಾಲಿಶ್ ಆದ ಕಲ್ಲಿನ ಹಾಸಿಗಿಂತ ಸಪಾಟಾದದ್ದು ಈ ಸೀಮೆಯಲ್ಲಿ ಮತ್ತೇನಿದೆ? ಅದರ ಮೇಲೆ ಕಾರ್ಖಾನೆಯ ಸಾಣೆಪುಡಿ ಉದುರಿಸಿ, ನಾಲ್ಕು ಹನಿ ಎಣ್ಣೆ ಬಿಟ್ಟು, ಮುಚ್ಚಳವನ್ನು ಬೋರಲು ಹಾಕಿ ಉಜ್ಜುವುದು. ಈ ಕೇಸಿನ ಹೋಳುಗಳು ಒಂದಕ್ಕೊಂದು ಕೂಡುವ ಮುಖದ ಮೇಲೆ ಹಳೆಯ ಪೇಸ್ಟು ಕೆರೆದ ಗೀರುಗಳು ಕಂಡಾಗ ಅವನ ಕೈ ತಲೆಯನ್ನು ಒಂದು ಮಾತೂ ಕೇಳಲಿಲ್ಲ. ತಿಮ್ಮಣ್ಣನ ಕಾರ್ಖಾನೆಗೇ ಹೋಗಿ, ಕರಿ ಕಲ್ಲಿನ ದೊಡ್ಡ ಹಾಸಿನ ಮೇಲೆ ಎರಡೂ ಹೋಳುಗಳನ್ನು ಉಜ್ಜಿದ. ಎಂಟರ ಅಂಕಿ ಬರೆಯುವ ಹಾಗೆ ಕೈ ತಿರುಗುತ್ತಿತ್ತು, ಕೂಲಿಯವರು ಕೆಲಸ ಬಿಟ್ಟು ಬಂದು ನಿಂತರು. ಕೊನೆಗೆ ಬಟ್ಟೆಯಿಂದ ಒರೆಸಿ ಎತ್ತಿ ಹಿಡಿದಾಗ ಅದರಲ್ಲಿ ಅವನ ಮುಖ ಕಂಡಿತು. ಗಡ್ಡದ ಬಿಳಿ ಕೂದಲು ಸಹಿತ. ಜನ ಚಪ್ಪಾಳೆ ತಟ್ಟಿದರು. ತಿಮ್ಮಣ್ಣ ಫೋಟೋ ಹೊಡೆದು, ಅದನ್ನು ದೊಡ್ಡದು ಮಾಡಿಸಿ, ತಮ್ಮ ಆಫೀಸಿನ ಗೋಡೆಗೆ ತೂಗಹಾಕಿದರು.

ಅದೇ ಫೋಟೋವನ್ನು ಖಲೀಲ ಪುಣೆಯಲ್ಲಿ ಬೇರಿಂಗು ಮಾರುವವನಿಗೆ ಕಳಿಸಿದ್ದ. ಯಾಕೆ ಕಳಿಸಬೇಕಿತ್ತು? ಹೊಗಳಲಿ ಎಂದೇ. ಮರುದಿನ ಬೆಳಿಗ್ಗೆ ಉತ್ತರ ಬಂತು, ಹಿಂದಿಯಲ್ಲಿ, ಒಂದೇ ಸಾಲು: ಮುಖವನ್ನು ಉಜ್ಜಿದಿರೇನು? ಖಲೀಲ ಓದಿದ. ಓದಿದ್ದಾನೆ ಎಂದು ಮೊಬೈಲಿನ ಎರಡು ನೀಲಿ ಗುರುತುಗಳು ಪುಣೆಯವನಿಗೆ ಹೇಳಿರುತ್ತವೆ.  ಷಟರು ಅರ್ಧ ಎಳೆದು, ಪೇಸ್ಟು ಹಚ್ಚದೆ ಹೋಳುಗಳನ್ನು ಹಾಗೆಯೇ ಜೋಡಿಸಿ, ಶಾಫ್ಟು ಕೂರಿಸಿ, ಬೋಲ್ಟು ಬಿಗಿದು ಕೈಯಿಂದ ತಿರುಗಿಸಿದ. ಬೆಣ್ಣೆಯಂತೆ ತಿರುಗಬೇಕಾದದ್ದು ತುಸು ತಿರುಗಿ ಗಕ್ಕನೆ ಹಿಡಿಯಿತು.  ಕಂಪ್ರೆಸರಿನ ಮುಚ್ಚಳದಲ್ಲಿ ಗೂಡುಗಳಿರುವುದಿಲ್ಲ, ಎಷ್ಟು ಉಜ್ಜಿದರೂ ನಡೆಯುತ್ತದೆ. ಇಲ್ಲಿ ಮುಖ ಸವೆದಷ್ಟೂ ಎರಡು ಹೋಳುಗಳು ಹತ್ತಿರ ಬಂದು, ದುಂಡಗಿದ್ದ ಗೂಡು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಕೂದಲೆಳೆಯಷ್ಟೂ ಇಲ್ಲ, ಅದರ ಅರ್ಧ. ಆದರೆ ಶಾಫ್ಟಿಗೆ ಅಷ್ಟೇ ಸಾಕು. ಇಷ್ಟು ಸರಳ ಲೆಕ್ಕ ಹುಡುಗರಿಗೂ ಹೊಳೆಯುತ್ತಿತ್ತು. ಅವನಿಗೆ ಹೊಳೆಯಲಿಲ್ಲ, ಅವನ ಕೈಗೆ ರೂಢಿ ಬಿದ್ದಿತ್ತು. ಇದಕ್ಕೆ ಮದ್ದಿಲ್ಲವೆಂದಲ್ಲ. ಕೊಲ್ಲಾಪುರಕ್ಕೆ ಕಳಿಸಿ ಗೂಡುಗಳನ್ನು ಮತ್ತೆ ಕೊರೆಸಿ, ದಪ್ಪ ಬೇರಿಂಗು ತರಿಸಿದರೆ ಆಯಿತು. ಹೇಳಬೇಕು, ಅಷ್ಟೇ. ತಿಮ್ಮಣ್ಣಾರ, ನಾ ತಪ್ಪ ಮಾಡೇನಿ. ನಾಲ್ಕು ಶಬ್ದ.

ಆ ನಾಲ್ಕು ಶಬ್ದಗಳನ್ನು ಹೊತ್ತುಕೊಂಡು ಅವನು ಕಾರ್ಖಾನೆಗೆ ಹೋಗಿದ್ದುಂಟು. ತಿಮ್ಮಣ್ಣ ಬಾದಾಮಿಯಿಂದ ಬಂದ ಬೀಗರಿಗೆ ಗೋಡೆಯ ಫೋಟೋ ತೋರಿಸುತ್ತಿದ್ದರು. "ಬರ್ರಿ ಬರ್ರಿ, ಫೋಟೋದಾಗಿನ ಮನಷ್ಯಾನ ಬಂದ!" ಬೀಗರು ಎದ್ದು ನಿಂತು ಕೈಮುಗಿದರು. ಖಲೀಲನೂ ಕೈಮುಗಿದ, ಚಹಾ ಕುಡಿದ, ಬಂದ. ಬೈದವರ ಎದುರು ತಿರುಗಿ ನಿಲ್ಲಬಹುದು, ಹೊಗಳಿ ಅಟ್ಟಕ್ಕೇರಿಸಿದವರು ಏಣಿಯನ್ನೂ ತೆಗೆದುಕೊಂಡು ಹೋಗಿಬಿಡುತ್ತಾರೆ. ಅಂದಿನಿಂದ ಅವನಿಗೆ ಎಲ್ಲಿ ಹೋದರೂ ಎದೆ ಬಿಗಿ. ಉಣ್ಣುವಾಗ ಬಿಗಿ, ನಮಾಜಿನಲ್ಲಿ ಬಗ್ಗಿದರೆ ಬಿಗಿ. ಇವತ್ತು ಮಸೀದಿಯಲ್ಲಿ ಪಕ್ಕದವನು ಸಲಾಮು ಹೇಳುತ್ತಲೇ, "ಇವತ್ತ ಮುಚ್ಚತೀರಂತಲ್ರಿ?" ಎಂದು ಕೇಳಿದಾಗ ತನ್ನನ್ನೇ ಮುಚ್ಚುವ ಮಾತು ನಡೆದಂತೆ ಕೇಳಿಸಿತು. ಉಸ್ತಾದರಿದ್ದರೆ ಏನನ್ನುತ್ತಿದ್ದರು? ಉಸ್ತಾದರು ಮಾತಿನವರಲ್ಲ. ಖಲೀಲ ಕೆಲಸ ಕಲಿಯುವಾಗ ಒಮ್ಮೆ ಪಂಪಿನ ಮುಖಕ್ಕೆ ಪೇಸ್ಟನ್ನು ರೊಟ್ಟಿಗೆ ಬೆಣ್ಣೆ ಬಳಿದಂತೆ ಬಳಿದಿದ್ದ. ಉಸ್ತಾದರು ಗಿರಾಕಿಗಳ ಮುಂದೆಯೇ ಆ ಪೇಸ್ಟನ್ನು ಬೆರಳಲ್ಲಿ ತೆಗೆದು ಅವನ ಕೆನ್ನೆಗೆ ಬಳಿದರು. "ಹೊರಗ ಬಂದಿದ್ದ ಕಾಣತೈತಿ, ವರಸ್ತಿ. ಒಳಗ ಹೋಗಿದ್ದ ಏನ ಮಾಡ್ತಿ? ಅದು ಎಣ್ಣಿ ದಾರಿಗೆ ಹೋಗಿ ಕುಂದರತೈತಿ, ಮಗನ." ಸಂಜೆಯವರೆಗೆ ತೊಳೆಯಲು ಬಿಡಲಿಲ್ಲ. ಕಿತ್ತಾಗ ಚರ್ಮವೂ ಬಂತು. ಈಗ ಮೊಬೈಲಿನಲ್ಲಿ ಬಿಳಿ ಕೈಗವಸಿನ ಪರದೇಶದವರು ಒಬ್ಬ ಕೆಂಪೇ ಸೈ ಅಂದರೆ ಇನ್ನೊಬ್ಬ ಬೂದುಬಣ್ಣದ್ದೇ ಸೈ ಎನ್ನುತ್ತ ಗಂಟೆಗಟ್ಟಲೆ ಜಗಳಾಡುತ್ತಾರೆ, ಖಲೀಲ ಅದನ್ನೆಲ್ಲ ನೋಡಿದ. ನೋಡುವಷ್ಟು ಹೊತ್ತು ತನ್ನದೂ ಪೇಸ್ಟಿನದೇ ಚಿಂತೆ ಎಂದು ನಂಬಲು ಆಗುತ್ತಿತ್ತು. ಬಿಳಿ ಕೈಗವಸಿನವರ್ಯಾರೂ ಮುಖ ಉಜ್ಜಿರಲಿಲ್ಲ.

ಉಜ್ಜಿ ಕಳೆದದ್ದನ್ನು ತುಂಬುವ ದಾರಿ ಅವನಿಗೆ ಹೊಳೆದದ್ದು ಕರಿ ಡಬ್ಬಿಯಿಂದ. ಉಸ್ತಾದರು ಹಳೆಯ ಪಂಪುಗಳ ಎರಡು ಹೋಳುಗಳ ನಡುವೆ ಅರಗಿನ ಜೊತೆ ಒಂದು ರೇಷ್ಮೆಯ ಎಳೆ ಇಡುತ್ತಿದ್ದರು. ಇಳಕಲ್ಲಿನಲ್ಲಿ ರೇಷ್ಮೆಗೇನು ಬರ? ಕೆಂಪು ಪೇಸ್ಟಿನ ಪೊರೆಯೊಳಗೆ ರೇಷ್ಮೆ ಎಳೆಯನ್ನು ಅಂಚಿನುದ್ದಕ್ಕೂ ಮಲಗಿಸಿ, ಬೋಲ್ಟುಗಳನ್ನು ಅಳತೆಗಿಂತ ತುಸು ಕಡಿಮೆ ಬಿಗಿದರೆ, ಹೋಳುಗಳು ಕೂದಲರ್ಧ ದೂರ ನಿಲ್ಲುತ್ತವೆ. ಶಾಫ್ಟು ಸಲೀಸಾಗಿ ತಿರುಗುತ್ತದೆ. ಎಂಜಿನ್ನು ಹೊತ್ತಿಕೊಳ್ಳುತ್ತದೆ. ಆಮೇಲೆ ಬಿಸಿಗೆ ಎಳೆ ಕೂತುಕೊಳ್ಳುತ್ತದೆ, ಬೋಲ್ಟು ಸಡಿಲಾಗುತ್ತದೆ, ಎಲ್ಲೋ ಒಂದು ಕಡೆ, ಓಡುವಾಗಲೇ, ಶಾಫ್ಟು ಹಿಡಿಯುತ್ತದೆ. ಎಲ್ಲೋ ಒಂದು ಕಡೆ ಎಂಬುದು ಇಳಕಲ್ಲಿನಿಂದ ದೂರವಿದ್ದರೆ ರಸ್ತೆಯ ಮೇಲೆ, ಎಣ್ಣೆಯ ಮೇಲೆ, ಹಳೆಯ ಲೋಹದ ಮೇಲೆ ತಪ್ಪು ಹಾಕಬಹುದು. ಇಂಥ ಯೋಚನೆ ಬಂದದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು, ಆದರೂ ಕಾಲುಗಳು ಶೆಡ್ಡಿನ ಹಿಂಬಾಗಿಲಿನಿಂದ ಮನೆಯ ಕಡೆ ನಡೆದವು. ಹೆಂಡತಿ ಮೆಹರುನ್ನಿಸಾ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಿದ್ದಳು. ಆ ಕೆಲಸದಲ್ಲಿ ಅವಳು ತಲೆ ಎತ್ತುವುದಿಲ್ಲ, ಇವತ್ತೂ ಎತ್ತಲಿಲ್ಲ.

"ಒಂದೀಟ ರೇಷ್ಮಿ ಎಳಿ ಬೇಕಾಗಿತ್ತು."

"ಯಾ ಬಣ್ಣ?"

"ಬಣ್ಣ ಯಾವದಾದ್ರೂ ನಡೀತೈತಿ. ಕಾಣೂದಿಲ್ಲ."

"ಕಾಣದ್ದಕ್ಕ ಯಾಕ ಬೇಕ್ರಿ?"

"ಕೇಸಿನ ಎರಡ ಹೋಳಿನ ನಡುವ ಇಡಾಕ."

ಅವಳು ಕೆಂಪು ರೇಷ್ಮೆ ಸುತ್ತಿದ ಕಂಡಿಕೆಯನ್ನು ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು. "ನಡುವ ಒಂದ ಎಳಿ ಇದ್ರ ಅವು ಕೂಡೂದ ಹ್ಯಾಂಗ?" ಕೇಳಬೇಕೆಂದು ಕೇಳಿದ್ದಲ್ಲ, ಗಂಡ ಮಾಡುವ ಕೆಲಸದ ಬಗ್ಗೆ ಅವಳು ಹೀಗೆ ಏನಾದರೊಂದು ಕೇಳುತ್ತಲೇ ಇರುತ್ತಾಳೆ. ಖಲೀಲನಿಗೆ ಮಾತ್ರ ಸಿಟ್ಟು ಬಂತು. "ನಿನಗ ತಿಳಿಯೂದಿಲ್ಲ" ಅಂದ. ಅಂದ ಕೂಡಲೇ, ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಈ ಮಾತನ್ನು ತಾನು ಅವಳಿಗೆ ಎಂದೂ ಅಂದಿರಲಿಲ್ಲ ಎಂದು ನೆನಪಾಗಿ ನಾಚಿಕೆಯಾಯಿತು. ಅವಳು ಮಗ್ಗದ ಎಳೆಗಳನ್ನು ಒಂದು ಬಟ್ಟೆಯಿಂದ ಮುಚ್ಚಿ ಎದ್ದಳು. ಕೇಸು ಮುಚ್ಚುವಾಗ ಶಾಫ್ಟಿನಿಂದ ಮೇಲೆದ್ದ ರಾಡುಗಳನ್ನು ನೆಟ್ಟಗೆ ಹಿಡಿಯಲು ಇನ್ನೆರಡು ಕೈ ಬೇಕು, ಅವು ಅವಳವೇ ಎಂದು ಬೆಳಿಗ್ಗೆಯೇ ಮಾತಾಗಿತ್ತು. ಬೆಳಿಗ್ಗೆ ಅವನು ಎಲ್ಲವನ್ನೂ ಅವಳಿಗೆ ತೋರಿಸಿ ಹೇಳಿದ್ದ: ರಾಡು ಹೀಗೆ ಹಿಡಿ, ಮುಖಕ್ಕೆ ತಾಗಿಸಬೇಡ, ಬೋಲ್ಟು ಬಿಗಿಯುವ ಅಳತೆಯ ಪಾನಾದ ಮೇಲಿನ ಅಂಕಿ ಇದು, ಇಷ್ಟು ಬಿಗಿಯಾದ ಮೇಲೆ ಅದೇ ಟಕ್ಕೆನ್ನುತ್ತದೆ.

ತಿಮ್ಮಣ್ಣ ಬಂದರು. ಜೊತೆಗೆ ಹುನಗುಂದದ ಇಬ್ಬರು ಗೆಳೆಯರು, ಒಬ್ಬನ ಕೈಯಲ್ಲಿ ಅಮೀನಗಡದ ಕರದಂಟಿನ ಡಬ್ಬಿ, ಇನ್ನೊಬ್ಬನ ಕೈಯಲ್ಲಿ ವಿಡಿಯೊ ಮಾಡಲು ಆಗಲೇ ಎತ್ತಿ ಹಿಡಿದ ಫೋನು. ತಿಮ್ಮಣ್ಣ ಇಸ್ತ್ರಿಯ ಬಿಳಿ ಅಂಗಿಯಲ್ಲೇ ಎಣ್ಣೆಯ ಮೇಜಿಗೆ ಒರಗಿದರು. ಅಂಗಿ ಹಾಳಾಯಿತು, ಅವರಿಗೆ ಅದರ ಪರಿವೆ ಇಲ್ಲ. ಒಂದು ಹೋಳನ್ನು ಎತ್ತಿ ಗೆಳೆಯರ ಮುಖಕ್ಕೆ ಹಿಡಿದರು.

"ನೋಡ್ಕೋರಿ ನಿಮ್ಮ ಮುಖಾ. ಕನ್ನಡಿ ಬ್ಯಾಡ ಇನ್ನ. ಜರ್ಮನಿ ಫ್ಯಾಕ್ಟರ್‍ಯಾಗೂ ಇಷ್ಟ ನುಣಪ ಇರಾಕಿಲ್ಲ."

"ಖರೆ ಅದ ಬಿಡ್ರಿ" ಎಂದು ಕರದಂಟಿನವನು ತನ್ನ ಮೀಸೆ ನೋಡಿಕೊಂಡ.

"ಯಾ ಪೇಸ್ಟ ಖಲೀಲ? ಹೇಳ ಇವರಿಗೆ."

"ಕೆಂಪರಿ" ಎಂದ ಖಲೀಲ. "ಗಾಳಿ ಇಲ್ಲದಲ್ಲಿ ಗಟ್ಟಿ ಆಗೂದು. ಬೂದಿ ಬಣ್ಣದ್ದ ಹೆಚ್ಚಾದ್ರ ಒಳಗ ಉದುರಿ ಎಣ್ಣಿ ದಾರಿ ಕಟ್ಟತೈತಿ." ಎಷ್ಟು ಸರಿಯಾದ ಉತ್ತರ. ತನ್ನ ದನಿ ಇಷ್ಟು ಸ್ಥಿರವಾಗಿರುವುದು ಕೇಳಿ ಅವನಿಗೇ ಭಯವಾಯಿತು. ಸರಿಯಾದದ್ದನ್ನೇ ಆರಿಸಿ ಅದರ ಹೊಟ್ಟೆಯಲ್ಲಿ ತಪ್ಪನ್ನು ಮಲಗಿಸುವವನ ದನಿ ಹೀಗೆಯೇ ಇರುತ್ತದೇನೋ. ರೇಷ್ಮೆ ಎಳೆಯನ್ನು ಅವನು ಅಂಚಿನುದ್ದಕ್ಕೂ ಇಡುತ್ತ ಬಂದಾಗ ತಿಮ್ಮಣ್ಣ, "ಅದೇನ ಕೆಂಪ ಎಳಿ?" ಎಂದರು, ಖಲೀಲ "ಉಸ್ತಾದರ ಪದ್ಧತಿರಿ" ಎಂದ. ಸತ್ತವರ ಹೆಸರು ಇಂಥದಕ್ಕೂ ಬರುತ್ತದೆ. "ಇಳಕಲ್ಲ ರೇಷ್ಮಿ ಜರ್ಮನಿ ಎಂಜಿನ್‌ದಾಗ! ಇದನ್ನ ವಿಡಿಯೊದಾಗ ಹಿಡಿಯಪಾ" ಎಂದು ತಿಮ್ಮಣ್ಣ ಕುಣಿಯುವುದೊಂದು ಬಾಕಿ. ಮೆಹರುನ್ನಿಸಾ ಸೆರಗನ್ನು ತಲೆ ತುಂಬ ಹೊದ್ದು ರಾಡುಗಳನ್ನು ನೆಟ್ಟಗೆ ಹಿಡಿದಳು, ಅವಳ ಬೆರಳುಗಳು ಅಲುಗಲಿಲ್ಲ. ಮೇಲಿನ ಹೋಳು ಇಳಿಯಿತು. ಅಂಚಿನಿಂದ ಕೆಂಪು ಪೇಸ್ಟಿನ ಸಣ್ಣ ಮಣಿಗಳು ಹೊರಬಂದವು. ಖಲೀಲ ಎಲ್ಲರಿಗೂ ಬೆನ್ನು ಮಾಡಿ ಅಳತೆಯ ಪಾನಾದ ಹಿಡಿಕೆಯನ್ನು ಸಡಿಲು ತಿರುವಿದ. ಅಂಕಿ ಇಳಿಯಿತು. ಬೆನ್ನು ತಿರುಗಿದ್ದು ಗಂಡಸರಿಗೆ, ಹೆಂಡತಿಗಲ್ಲ. ಅವಳು ಅಂಕಿ ನೋಡಿದಳು, ಅವನ ಮುಖ ನೋಡಿದಳು, ಆಮೇಲೆ ತನ್ನ ಕೈಗಂಟಿದ ಎಣ್ಣೆಯನ್ನು ಬಟ್ಟೆಗೆ ಒರೆಸತೊಡಗಿದಳು, ಒರೆಸುತ್ತಲೇ ಇದ್ದಳು.

ಟಕ್. ಮೊದಲ ಬೋಲ್ಟು. ಟಕ್. ಪ್ರತಿ ಟಕ್ಕಿಗೂ ತಿಮ್ಮಣ್ಣ ತಲೆದೂಗಿದರು, ಭಜನೆಯಲ್ಲಿ ತಾಳಕ್ಕೆ ದೂಗುವ ಹಾಗೆ. ನಡುವೆ, "ಒಂದ ನನಗೂ ಕೊಡಲೇ" ಎಂದು ಪಾನಾ ಕಸಿದುಕೊಂಡು ಒಂದನ್ನು ತಾವೇ ಬಿಗಿದರು. ಟಕ್ಕೆಂದಾಗ ಮಗುವಿನಂತೆ ನಕ್ಕರು. ಈ ಮನುಷ್ಯ ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು ಎಂದುಕೊಂಡ ಖಲೀಲ. ಮುಗಿದ ಮೇಲೆ ಶಾಫ್ಟಿನ ತುದಿಗೆ ಉದ್ದ ಹಿಡಿಕೆ ಹಾಕಿ ತಿರುಗಿಸಿದ. ಸಲೀಸಾಗಿ, ಸದ್ದಿಲ್ಲದೆ ತಿರುಗಿತು. ಚಪ್ಪಾಳೆ. ಕರದಂಟಿನ ತುಂಡೊಂದನ್ನು ತಿಮ್ಮಣ್ಣ ಅವನ ಬಾಯಿಗೇ ಇಟ್ಟರು. ಅಂಟು ಬೆಲ್ಲ ಹಲ್ಲಿಗೆ ಕಚ್ಚಿಕೊಂಡಿತು, ಇನ್ನು ಮಾತಾಡುವುದು ಬೇಡ ಎಂಬಂತೆ.

"ಮದ್ಲನೇ ಸವಾರಿ ಯಾರದ್ದು ಗೊತ್ತೈತೇನ?" ಎಂದರು ತಿಮ್ಮಣ್ಣ. "ನಂದಲ್ಲ. ಅಲ್ಮಾಸಂದು. ಬಾಗಲಕೋಟಿ ಕಾಲೇಜಿಗೆ ನಾನ ಹೋಗ್ತೇನಿ, ಗೆಳತ್ಯಾರ ಮುಂದ ಗೇಟಿನ್ಯಾಗ ನಿಲ್ಲಸ್ತೇನಿ. ನಿಮ್ಮಪ್ಪ ಕಟ್ಟಿದ ಗಾಡಿ, ಕುಂದ್ರವ್ವಾ ಅಂತೇನಿ. ಅಮೀನಗಡ ದಾಟಿದ ಮ್ಯಾಲ ರಸ್ತೆ ಭಾಳ ಚಲೋ ಐತಿ, ಓಡಸೋಣು."

ಮಗಳ ಹೆಸರು ಕೇಳಿದ್ದೇ ಖಲೀಲನ ಬಾಯಲ್ಲಿದ್ದ ಸಿಹಿ ಮಣ್ಣಾಯಿತು. ಎಲ್ಲೋ ಒಂದು ಕಡೆ ಎಂದು ಅವನು ಬಿಟ್ಟಿದ್ದ ಜಾಗಕ್ಕೆ ಈಗ ಹೆಸರು ಬಂತು. ಅಮೀನಗಡ ದಾಟಿದ ಮೇಲೆ. ಅಲ್ಮಾಸ ಕಿಟಕಿಯಿಂದ ಕೈ ಹೊರಚಾಚುತ್ತಾಳೆ, ಎಷ್ಟು ಹೇಳಿದರೂ ಕೇಳುವುದಿಲ್ಲ. ಬಸ್ಸಿನಲ್ಲೂ ಹಾಗೆಯೇ. ಹಿಂದಿನಿಂದ ಕಲ್ಲು ಹೇರಿದ ಲಾರಿ ಬರುತ್ತಿರುತ್ತದೆ, ಈ ರಸ್ತೆಯಲ್ಲಿ ಯಾವಾಗಲೂ ಬರುತ್ತಿರುತ್ತದೆ, ಓಡುವ ಎಂಜಿನ್ನು ಒಮ್ಮೆಲೇ ಹಿಡಿದರೆ ಗಾಲಿಯೂ ಹಿಡಿಯುತ್ತದೆ. ಹೆಂಡತಿ ಒರೆಸುವುದನ್ನು ನಿಲ್ಲಿಸಿದ್ದಳು.

"ತಿಮ್ಮಣ್ಣಾರ, ನಾ ತಪ್ಪ ಮಾಡೇನಿ."

ಹೊರಬಂದೇ ಬಿಟ್ಟಿತು. ಇಷ್ಟು ದಿನ ನುಂಗಲೂ ಆಗದೆ ಉಗುಳಲೂ ಆಗದೆ ಇದ್ದದ್ದು ಹೀಗೆ, ಕರದಂಟಿನ ಜೊತೆ. "ಮುಖಾ ಉಜ್ಜಬಾರದಿತ್ರಿ. ಗೂಡ ಕೆಟ್ಟಾವು. ಈ ಎಂಜಿನ್ ಓಡಬಾರದು."

ತಿಮ್ಮಣ್ಣ ಅವನನ್ನು ನೋಡಿದರು, ಗೆಳೆಯರನ್ನು ನೋಡಿದರು, ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. "ನೋಡಿದ್ರೇನು? ಹೊಗಳಿದ್ರ ಹಿಂಗ ಮಾಡ್ತಾನ ಇಂವಾ. ತುಂಬಿದ ಕೊಡ ತುಳುಕೂದಿಲ್ಲಂತಾರಲ್ಲ, ಇವನ ನೋಡೇ ಅಂದಿರಬೇಕು."

"ದೊಡ್ಡವರ ಗುಣರೀ ಅದು" ಎಂದ ವಿಡಿಯೊದವನು. "ಇನ್ನೊಮ್ಮೆ ಹೇಳ್ರಿ, ಛಲೋ ಬಂತು."

ಖಲೀಲ ಗೋಡೆಗೆ ಒರಗಿದ. ಹೇಳಿದರೂ ಹೊರಗೆ ಬರಲು ಆಗುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಹೇಳುವುದಷ್ಟೇ ಕಷ್ಟ, ಹೇಳಿದ ಮೇಲೆ ಬಾಗಿಲು ತೆರೆಯುತ್ತದೆ ಎಂದು ನಂಬಿಕೊಂಡೇ ಅವನು ಇಷ್ಟು ದಿನ ಉಸಿರಾಡಿದ್ದ. ಒಳಗೆ, ಆ ಎರಡು ಹೋಳುಗಳ ನಡುವೆ, ಗಾಳಿ ಇಲ್ಲದ ಕಡೆ, ಕೆಂಪು ಪೇಸ್ಟು ಈಗ ಗಟ್ಟಿಯಾಗಲು ಶುರುವಾಗಿರುತ್ತದೆ. ಈಗ ಸುಮ್ಮನಾದರೆ ಯಾರೂ ತಪ್ಪು ಹೊರಿಸುವಂತಿಲ್ಲ, ಹೇಳಿದ್ದೇನಲ್ಲ, ವಿಡಿಯೊದಲ್ಲೂ ಇದೆ. ಅದಕ್ಕಿಂತ ಹೊಲಸು ಯೋಚನೆ ಇನ್ನೊಂದು ಇರಲಾರದು ಅನ್ನಿಸಿತು. ಆಗ ಮೆಹರುನ್ನಿಸಾ ಮೇಜಿನ ಮೇಲಿದ್ದ ಪಾನಾವನ್ನು ಎತ್ತಿ ಅವನ ಕೈಗೆ ಕೊಟ್ಟಳು.

ಅವನು ಪಾನಾದ ಹಿಡಿಕೆಯನ್ನು ಎಲ್ಲರಿಗೂ ಕಾಣುವಂತೆ ತಿರುವಿ ಬೆಳಗಿನ ಅಂಕಿಗೆ ತಂದ. ಮೊದಲ ಬೋಲ್ಟಿಗೆ ಹಾಕಿ ಎಳೆದ. ಪಾನಾ ಟಕ್ಕೆನ್ನಲಿಲ್ಲ. ಬೋಲ್ಟು ತಿರುಗಿತು, ಇನ್ನಷ್ಟು ತಿರುಗಿತು, ಆಮೇಲೆ ಟಕ್ಕೆಂದಿತು. ಅಂಚಿನಿಂದ ಮತ್ತೆ ಕೆಂಪು ಹೊರಬಂತು, ಅದರೊಳಗೆ ಅಪ್ಪಚ್ಚಿಯಾದ ರೇಷ್ಮೆಯ ಒಂದು ತುದಿ. "ಇದ್ಯಾಕೋ? ಆಗಲೇ ಬಿಗದಿತ್ತಲ್ಲ?" ಎಂದರು ತಿಮ್ಮಣ್ಣ. ಖಲೀಲ ಎರಡನೆಯದನ್ನು ಎಳೆದ, ಮೂರನೆಯದನ್ನು ಎಳೆದ. ತಿಮ್ಮಣ್ಣ ಬಿಗಿದದ್ದೂ ತಿರುಗಿತು. ಅವರು ತಮ್ಮ ಬೋಲ್ಟು ತಿರುಗುವುದನ್ನು ನೋಡಿದರು, ಮುಖದ ಮೇಲಿನ ನಗು ಹಾಗೆಯೇ ಉಳಿದಿತ್ತು, ತೆಗೆಯಲು ಮರೆತಂತೆ. ಕೊನೆಯ ಟಕ್ಕಿನ ಮೇಲೆ ಖಲೀಲ ಶಾಫ್ಟಿನ ತುದಿಯ ಉದ್ದ ಹಿಡಿಕೆಯನ್ನು ತೋರಿಸಿದ. ಹೊರಗೆ ಗಂಗಾವತಿಯ ಬಸ್ಸು ಹೋಯಿತು.

"ತಿರುಗಸ್ರಿ" ಎಂದ ಖಲೀಲ.

ತಿಮ್ಮಣ್ಣ ಹಿಡಿಕೆ ಹಿಡಿದರು. ತುಸು ಬಂತು, ನಿಂತಿತು. ಕಲ್ಲೊಡೆದು ಮೇಲೆ ಬಂದ ತೋಳುಗಳು ಅವು, ಎರಡೂ ಕೈ ಹಾಕಿ ಎಳೆದರು. ಕುತ್ತಿಗೆಯ ನರ ಉಬ್ಬಿತು. ಬರಲಿಲ್ಲ. ವಿಡಿಯೊದವನು ಫೋನನ್ನು ಕೆಳಗಿಳಿಸಿ ಕಿಸೆಗೆ ಹಾಕಿಕೊಂಡ. ಬೈಗುಳಕ್ಕೆ ಖಲೀಲ ತಯಾರಾಗಿ ನಿಂತಿದ್ದ, ಬೈಯಲಿ ಎಂದೇ ನಿಂತಿದ್ದ. ಎದೆಯ ಬಿಗಿ ಮೊದಲ ಸಲ ಒಂದಿಷ್ಟು ಸಡಿಲಾದಂತಿತ್ತು. ಹೇಗೆ ಆಯಿತು ಎಂದರೆ ಹೇಳುವುದು, ಏನು ಮಾಡುವುದು ಎಂದರೆ ಕೊಲ್ಲಾಪುರ ಎನ್ನುವುದು, ಎಲ್ಲವನ್ನೂ ಜೋಡಿಸಿಕೊಂಡಿದ್ದ.

"ಯಾವಾಗ ಗೊತ್ತಾತ ನಿನಗ?" ಎಂದು ಕೇಳಿದರು ತಿಮ್ಮಣ್ಣ, ಬಹಳ ಮೆಲ್ಲಗೆ.



"ನೀವು ಫೋಟೋ ಹೊಡದ ಮರುದಿನಾರಿ."

ತಿಮ್ಮಣ್ಣ ಪಕ್ಕದಲ್ಲಿ ಉಲ್ಟಾ ಹಾಕಿದ ಡ್ರಮ್ಮಿನ ಮೇಲೆ ಕೂತರು. ಬಿಳಿ ಅಂಗಿಯ ಎಣ್ಣೆಕಲೆಯನ್ನು ಆಗ ನೋಡಿಕೊಂಡರು. ಬಿಚ್ಚುವುದಾದರೆ ಈಗಲೇ ಬಿಚ್ಚಬೇಕು, ಒಳಗಿನದು ಕಲ್ಲಾಗುವ ಮೊದಲು. ಖಲೀಲ ಪಾನಾ ಹಿಡಿದು ಹತ್ತಿರ ಬಂದ. ಆದರೆ ಶಾಫ್ಟಿನ ಹಿಡಿಕೆ ಇನ್ನೂ ತಿಮ್ಮಣ್ಣನ ಕೈಯಲ್ಲಿಯೇ ಇತ್ತು, ಅವರು ಅದನ್ನು ಬಿಡಲಿಲ್ಲ. ಖಲೀಲ ಪಾನಾವನ್ನು ಮೊದಲ ಬೋಲ್ಟಿನ ಮೇಲೆ ಇಟ್ಟು ಕಾದ.